ಎರಡೂವರೆ ಸುತ್ತು

ವಾಲ್ವು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮಗಳು ಅಪ್ಪನ ರೂಮಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಶಾಲಿನ ತುದಿಯನ್ನು ಅದರ ಹಿಡಿಗೆ ಸುತ್ತಿ ತಿರುಗಿಸಿದಳು. ಎರಡೂ ಕೈ ಹಾಕಿ ತಿರುಗಿಸಿದಳು. ಹಲ್ಲು ಕಚ್ಚಿಕೊಂಡು ತಿರುಗಿಸಿದಳು. ಗೋಡೆಗೆ ಒತ್ತಿ ನಿಂತಿದ್ದ, ಬಿಸಿನೀರು ಹರಿದು ರೂಮು ಕಾಯಿಸುವ ಕಬ್ಬಿಣದ ರೇಡಿಯೇಟರ್ ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಅಪ್ಪನನ್ನು ಹೊತ್ತ ಗಾಡಿ ರಸ್ತೆಯ ತಿರುವು ದಾಟಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.

"ಏನೇ ಮಾಡ್ತಿದೀಯ ಅಲ್ಲಿ ಕೂತ್ಕೊಂಡು?" ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅಪ್ಪನ ಅಕ್ಕ. ಎಂಬತ್ತು ದಾಟಿದ್ದರೂ ಯಾರ ಮನೆಯ ಯಾವ ಮೂಲೆಯಲ್ಲಿ ಏನು ನಡೆಯುತ್ತಿದೆ ಎಂಬುದು ಅವರ ಕಣ್ಣು ತಪ್ಪುವಂತಿರಲಿಲ್ಲ.

"ಈ ರೂಮು ಹೇಗೆ ಕೊರೀತಿದೆ ನೋಡಿ ಅತ್ತೆ. ಸ್ಮಶಾನದಿಂದ ಎಲ್ಲರೂ ವಾಪಸ್ ಬಂದ್ರೆ ಹಾಲ್‌ನಲ್ಲಿ ಹಿಡಿಸಲ್ಲ. ಇಲ್ಲೂ ನಾಲ್ಕು ಕುರ್ಚಿ ಹಾಕೋಣ ಅಂತ."

"ನಿಮ್ಮಪ್ಪ ಇದ್ದಾಗ ಈ ರೂಮಲ್ಲಿ ಯಾರನ್ನ ಕೂರಿಸಿದ್ದ ಹೇಳು? ಬೆಳಿಗ್ಗೆ ಅವನನ್ನ ಇಲ್ಲೇ ಮಲಗಿಸಿದ್ದೂ ಅದಕ್ಕೇ ತಾನೆ, ಮನೇಲೆಲ್ಲ ಇದೊಂದೇ ತಣ್ಣಗಿರೋ ಜಾಗ ಅಂತ."

ಅಪ್ಪ ಟೈಲರ್. ಊರಿಗೆಲ್ಲ ಪ್ಯಾಂಟು ಕತ್ತರಿಸಿಕೊಟ್ಟ ಆ ಉದ್ದನೆಯ ಮೇಜಿನ ಮೇಲೆಯೇ ಬೆಳಿಗ್ಗೆ ಆಸ್ಪತ್ರೆಯಿಂದ ತಂದು ಮಲಗಿಸಿದ್ದರು. ಬೆಚ್ಚಗಿದ್ದ ಹಾಲ್‌ನಿಂದ ಒಳಗೆ ಕಾಲಿಟ್ಟವರೆಲ್ಲ ಮೈ ಮುದುಡಿ, ಎರಡು ನಿಮಿಷ ನಿಂತು, ಹೂವಿಟ್ಟು ಹೊರಗೆ ಹೋಗುತ್ತಿದ್ದರು. ಬೇಡಪ್ಪ, ಅಪ್ಪನ ರೂಮಿನಿಂದ ಜನ ಹೀಗೆ ಓಡುವುದು ಬೇಡ ಎಂದು ಆಗಲೇ ಅವಳಿಗೆ ಅನ್ನಿಸಿತ್ತು.

ಮೇಜಿನ ಮೇಲೆ ಅಪ್ಪನ ದೊಡ್ಡ ಕತ್ತರಿ ಇತ್ತು. ಬಟ್ಟೆ ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಮುಟ್ಟಿದವರಿಗೆ ಈ ಮನೆಯಲ್ಲಿ ಉಳಿಗಾಲವಿರಲಿಲ್ಲ. ಮಗಳು ಅದನ್ನು ಬಿಟ್ಟು, ಮೆಟ್ಟಿಲ ಕೆಳಗಿನ ಗೂಡಿಗೆ ಹೋಗಿ, ಬಾಯ್ಲರಿನ ಪಕ್ಕ ಮೊಳೆಗೆ ನೇತುಹಾಕಿದ್ದ ಸ್ಪ್ಯಾನರ್ ತಂದಳು. ಅದಕ್ಕೆ ವಾಲ್ವು ಬಗ್ಗಿತು. ಒಂದು ಸುತ್ತು. ಎರಡು ಸುತ್ತು. ಎರಡೂವರೆಗೆ ನಿಂತಿತು. ಪೈಪಿನೊಳಗೆ ಗುಳಗುಳ ಎಂದು ನೀರು ನುಗ್ಗಿತು. ಅವಳು ಅಂಗೈ ಒತ್ತಿಕೊಂಡು ಕಾದಳು. ಮೊದಲು ಮೇಲಿನ ಅಂಚು, ಆಮೇಲೆ ನಡು, ನಿಧಾನವಾಗಿ ಕಬ್ಬಿಣವೆಲ್ಲ ಬಿಸಿಯಾಯಿತು.

"ನೋಡಪ್ಪಾ, ನಿನ್ನ ರೂಮೂ ಬೆಚ್ಚಗಾಯ್ತು," ಎಂದಳು.

ಈ ಮನೆಯ ಬಿಸಿಯ ಮೇಲೆ ಇವತ್ತು ಇನ್ನೊಂದು ವಿಷಯವೂ ನಿಂತಿತ್ತು. ಗಾಡಿ ಹತ್ತುವ ಮೊದಲು ಅವಳ ತಮ್ಮ ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿದ್ದ. "ಅಕ್ಕಾ, ಈ ಬಾಯ್ಲರಿನ ಸೇವೆ ಮಾಡೋಕೆ ಅಪ್ಪ ಇದ್ರು. ಇನ್ಮೇಲೆ ಯಾರಿದಾರೆ? ಈ ಚಳೀಲಿ ಒಂದು ದಿನ ಅದು ಕೈ ಕೊಟ್ರೆ ಅಮ್ಮನ ಗತಿ ಏನು? ನಾನು ಇವತ್ತು ಸಂಜೆನೇ ಕರ್ಕೊಂಡು ಹೋಗ್ತೀನಿ. ನಮ್ಮ ಫ್ಲಾಟಲ್ಲಿ ಗುಂಡಿ ಒತ್ತಿದ್ರೆ ಆಯ್ತು."

ಕಿಟಕಿಯಿಂದ ಅಮ್ಮ ಕೇಳಿಸಿಕೊಂಡಿದ್ದಳು. "ನಾನೆಲ್ಲಿಗೂ ಬರಲ್ಲ ಕಣೋ. ಈ ಮನೆ ಬೆಚ್ಚಗಿದೆ."

"ಬೆಚ್ಚಗಿರೋ ತನಕ ಇರಮ್ಮ. ಒಂದೇ ಒಂದು ದಿನ ತಣ್ಣಗಾಗಿದ್ದು ಕಂಡ್ರೆ, ಆಮೇಲೆ ನಾನು ನಿನ್ನ ಮಾತು ಕೇಳಲ್ಲ."

ಮಗಳದು ನಾಲ್ಕು ಬೀದಿಯಾಚೆ, ಎರಡನೇ ಮಹಡಿಯ ಒಂದೇ ರೂಮಿನ ಮನೆ. ಅಮ್ಮನ ಮಂಡಿ ಮೆಟ್ಟಿಲು ಹತ್ತುವುದಿಲ್ಲ. ಅಮ್ಮ ಇಲ್ಲಿದ್ದರೆ ದಿನಾ ಬಂದು ನೋಡಬಹುದು. ತಮ್ಮನ ಮನೆಗೆ ಹೋದರೆ ರೈಲಿನಲ್ಲಿ ಅರ್ಧ ದಿನದ ದಾರಿ. ಅದಕ್ಕಿಂತ ಹೆಚ್ಚಾಗಿ, ಅಮ್ಮನಿಗೆ ಈ ಮನೆ ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಗಂಡ ಹೋದ ದಿನವೇ ಮನೆಯನ್ನೂ ಬಿಡು ಎನ್ನುವುದು ಯಾವ ನ್ಯಾಯ?

* * *

ಇಪ್ಪತ್ತು ವರ್ಷದ ಹಿಂದೆ ಅಪ್ಪ ಈ ಮನೆಗೆ ಅಳತೆ ತೆಗೆದಿದ್ದ. ಗಿರಾಕಿಗೆ ಅಳತೆ ತೆಗೆಯುವ ಟೇಪನ್ನೇ ಕೊರಳಿಗೆ ಹಾಕಿಕೊಂಡು, ಕಿವಿಗೆ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಂಡು, ರೂಮು ರೂಮಿಗೂ ಮಂಡಿಯೂರಿ ಹೋಗಿ ಉದ್ದ ಅಗಲ ಬರೆದುಕೊಂಡ. ಅದಕ್ಕೂ ಹಿಂದೆ ಮದುವೆಯಾದ ಹೊಸತರಲ್ಲಿ ಅವರಿದ್ದದ್ದು ತಗಡಿನ ಸೂರಿನ ಬಾಡಿಗೆ ಕೋಣೆ. ಅಮ್ಮ ಚಳಿಗೆ ಮೂರು ಜೊತೆ ಕಾಲುಚೀಲ ಹಾಕಿಕೊಂಡು ಮಲಗುತ್ತಿದ್ದಳಂತೆ. "ನಮ್ಮದು ಅಂತ ಮನೆ ಆದ ಮೇಲೆ ನೀನು ಅದರಲ್ಲಿ ಬರಿಗಾಲಲ್ಲಿ ಓಡಾಡಬೇಕು" ಎಂದು ಅಪ್ಪ ಆಗಲೇ ಮಾತು ಕೊಟ್ಟಿದ್ದ. ಮನೆಯಾಯಿತು. ಆದರೆ ಅಲ್ಲೂ ಹತ್ತು ವರ್ಷ ಅಮ್ಮ ಸಣ್ಣದೊಂದು ಹೀಟರನ್ನು ರೂಮಿನಿಂದ ರೂಮಿಗೆ ಮಗುವಿನ ಹಾಗೆ ಎತ್ತಿಕೊಂಡು ತಿರುಗಿದಳು. ಕೊನೆಗೆ ಅಪ್ಪ ಪಟ್ಟು ಹಿಡಿದು ಹೊರಟ.

ಮೂರು ಅಂಗಡಿ ಸುತ್ತಿದ. ಒಬ್ಬ ಬೇಸಿಗೆಗೆ ತಂಪು, ಚಳಿಗೆ ಬಿಸಿ, ಎರಡನ್ನೂ ಒಂದೇ ಯಂತ್ರ ಕೊಡುತ್ತದೆ ಎಂದು ಗೋಡೆಗೆ ನೇತುಹಾಕುವ ಪೆಟ್ಟಿಗೆ ತೋರಿಸಿದ. ಅಪ್ಪ ಅದರ ಬಾಯಿಯ ಮುಂದೆ ಒಂದೆಳೆ ದಾರ ಹಿಡಿದು, ಗಾಳಿ ಎಲ್ಲಿಯತನಕ ಬರುತ್ತದೆ ಎಂದು ನೋಡಿ, "ಬಟ್ಟೆ ಕತ್ತರಿಸೋ ಕತ್ತರೀಲಿ ತರಕಾರಿ ಹೆಚ್ಚಕ್ಕಾಗಲ್ಲ ಸ್ವಾಮಿ" ಎಂದು ಹೇಳಿ ಹೊರಬಿದ್ದ. ಬೇಸಿಗೆಗೆ ಹಾಲಿನಲ್ಲಿ ಒಂದು ಏಸಿ, ಚಳಿಗೆ ಬಾಯ್ಲರು, ಎಂಟು ರೂಮಿಗೂ ರೇಡಿಯೇಟರು ಎಂದು ತೀರ್ಮಾನವಾಯಿತು. ನೀರು ಕಾದು ಪೈಪಿನಲ್ಲಿ ಮನೆಯೆಲ್ಲ ಸುತ್ತಿ ಬರುವುದು ಅವನಿಗೆ ತುಂಬ ಹಿಡಿಸಿತ್ತು.

ಕೂರಿಸಲು ಬಂದವರು ಬಾಯ್ಲರ್ ಮೇಷ್ಟ್ರು. ನಿಜವಾದ ಮೇಷ್ಟ್ರಲ್ಲ, ಸಾಮಾನಿನ ಚೀಲ ಬಿಚ್ಚುವ ಮೊದಲು ಅರ್ಧ ಗಂಟೆ ಪಾಠ ಮಾಡುತ್ತಿದ್ದರಿಂದ ಬೀದಿಯವರು ಇಟ್ಟ ಹೆಸರು. ಅವರು ಅಪ್ಪನ ಚೀಟಿ ನೋಡಿದವರೇ ತಲೆ ಕೆರೆದುಕೊಂಡರು.

"ಟೈಲರ್ ಸಾರ್, ಇದಕ್ಕಿಂತ ಒಂದು ಸೈಜು ದೊಡ್ಡ ಬಾಯ್ಲರ್ ಬೇಕಾಗುತ್ತೆ."

"ಯಾಕೆ? ಅಳತೆ ಸರಿಯಾಗೇ ಇದೆಯಲ್ಲ."

"ಉದ್ದ ಇದೆ, ಅಗಲ ಇದೆ. ಎತ್ತರ ಎಲ್ಲಿ ಸಾರ್? ನಿಮ್ಮ ಹಿಂದಿನ ರೂಮಿನ ಸೂರು ನೋಡಿ, ಎಲ್ಲೋ ಇದೆ."

"ಎತ್ತರ ಯಾಕ್ರೀ? ಜನ ಕೂರೋದು ನೆಲದ ಮೇಲೆ, ಸೂರಿನ ಮೇಲಲ್ಲ!"

"ಬಿಸಿ ಗಾಳಿ ಹೋಗಿ ಕೂರೋದು ಸೂರಿನ ಮೇಲೇ ಸಾರ್."

"ಮೇಷ್ಟ್ರೇ, ನಲವತ್ತು ವರ್ಷದಲ್ಲಿ ನನ್ನ ಅಳತೆ ಒಂದು ಸಲ ತಪ್ಪಿಲ್ಲ. ನಿಮ್ಮ ಕೆಲಸ ನೀವು ಮಾಡಿ."

ಬಟ್ಟೆಗೆ ಉದ್ದ ಅಗಲ ಬಿಟ್ಟರೆ ಇನ್ನೇನಿದೆ? ಜೀವಮಾನವೆಲ್ಲ ಬಟ್ಟೆ ಹಾಸಿ ಗೆರೆ ಎಳೆದವನು ಮನೆಯನ್ನೂ ಮೇಜಿನ ಮೇಲೆ ಹಾಸಿದಂತೆಯೇ ಅಳೆದಿದ್ದ. ಮಾತಿಗೆ ಮಾತು ಬೆಳೆದು, ಕೊನೆಗೆ ಅಪ್ಪನ ಹಟವೇ ಗೆದ್ದು, ಚಿಕ್ಕ ಬಾಯ್ಲರೇ ಮೆಟ್ಟಿಲ ಕೆಳಗೆ ಕೂತಿತು. ಅದಕ್ಕೆ ಅಪ್ಪ "ಅಳಿಯಂದಿರು" ಎಂದು ಹೆಸರಿಟ್ಟ. ಯಾವಾಗ ಮುನಿಸಿಕೊಳ್ಳುತ್ತದೋ ಗೊತ್ತಿಲ್ಲ, ಮಾತಾಡಿಸಿಕೊಂಡೇ ಇರಬೇಕು ಎಂದು.

* * *

ಹನ್ನೆರಡೂವರೆಯ ಹೊತ್ತಿಗೆ ಅಮ್ಮ ತನ್ನ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು. "ಯಾಕೋ ಪಾದ ತಣ್ಣಗಾಗ್ತಿದೆ ಕಣೇ."

"ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲಮ್ಮ, ಅದಕ್ಕೆ," ಎಂದಳು ಮಗಳು. ಆದರೂ ಹೋಗಿ ರೇಡಿಯೇಟರ್ ಮುಟ್ಟಿದಳು. ಉಗುರುಬೆಚ್ಚಗೂ ಇರಲಿಲ್ಲ.

ಅಡುಗೆಮನೆಗೆ ಓಡಿದಳು. ಅಲ್ಲೂ ಆರುತ್ತಾ ಬಂದಿತ್ತು. ಹಾಲ್‌ನ ರೇಡಿಯೇಟರ್ ಅರ್ಧ ಬಿಸಿ, ಅರ್ಧ ತಣ್ಣಗೆ. ಮೆಟ್ಟಿಲ ಕೆಳಗೆ ಬಗ್ಗಿ ನೋಡಿದರೆ ಅಳಿಯಂದಿರು ಎಂದಿನಂತೆ ಗುರ್ ಎನ್ನುತ್ತಿದ್ದರು, ಗಾಜಿನೊಳಗೆ ನೀಲಿ ಉರಿ ನೆಟ್ಟಗೆ ಉರಿಯುತ್ತಿತ್ತು. ಬೆಂಕಿ ಇದೆ, ಮನೆ ತಣ್ಣಗಾಗುತ್ತಿದೆ. ಇದೆಂಥ ಮಾಯ ಎಂದು ಅವಳಿಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ಮಾಡುತ್ತಿದ್ದಂತೆ ಪೈಪಿಗೆ ಕಿವಿ ಕೊಟ್ಟಳು. ಅಪ್ಪನಿಗೆ ಏನು ಕೇಳಿಸುತ್ತಿತ್ತೋ, ಅವಳಿಗೆ ಬರೀ ನೀರಿನ ಸದ್ದು ಕೇಳಿಸಿತು. ಅಪ್ಪನ ರೂಮೊಂದು ಮಾತ್ರ ಚೆನ್ನಾಗಿ ಕಾದಿತ್ತು. ಸದ್ಯ, ಅದಾದರೂ ಕೆಲಸ ಮಾಡುತ್ತಿದೆಯಲ್ಲ ಎಂದುಕೊಂಡು ಅದರ ಬಾಗಿಲು ಹಾಕಿ ಬಂದಳು.

"ನಾನು ಮೊದಲೇ ಹೇಳ್ದೆ," ಎಂದರು ಅತ್ತೆ, ಶಾಲು ಬಿಗಿಮಾಡಿಕೊಳ್ಳುತ್ತಾ. ಏನು ಹೇಳಿದ್ದರೋ ಅವರಿಗೂ ಗೊತ್ತಿರಲಿಕ್ಕಿಲ್ಲ. "ಅವನು ಹೋದ, ಹಿಂದೇನೇ ಮನೆಯ ಬಿಸಿನೂ ಹೋಯ್ತು ನೋಡು."

"ಅತ್ತೆ, ದಯವಿಟ್ಟು ಅಮ್ಮನ ಮುಂದೆ ಹಾಗೆಲ್ಲ ಅನ್ನಬೇಡಿ."

ಮಗಳು ಬಾಯ್ಲರ್ ಮೇಷ್ಟ್ರಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಆರು ಸಲ ಮಾಡಿದಳು. ಆಮೇಲೆ ಫೋನೇ ಬಂದಾಗಿದೆ ಎಂದು ಹೇಳತೊಡಗಿತು. ಹೇಗೆ ಎತ್ತಾರು? ಹೋದ ಚಳಿಗಾಲದಲ್ಲಿ ಅಪ್ಪ "ಇನ್ನೊಂದು ಸಲ ನನ್ನ ಮನೆ ಹೊಸಿಲು ತುಳೀಬೇಡಿ ಮೇಷ್ಟ್ರೇ" ಎಂದು ಬೈದು ಕಳಿಸಿದ್ದನ್ನು ಅವಳೇ ಕಂಡಿದ್ದಳು. ಯಾತಕ್ಕೆಂದು ಮಾತ್ರ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಅಮ್ಮನ ಪಾದಕ್ಕೆ ಏನಾದರೂ ಹಾಕೋಣವೆಂದು ಬೀರು ತೆಗೆದಳು. ಸೀರೆ, ರವಿಕೆ, ಮಡಚಿಟ್ಟ ಟವೆಲ್ಲು, ಎಲ್ಲ ಇದ್ದವು. ಈ ಮನೆಯಲ್ಲಿ ಅಮ್ಮನದು ಅಂತ ಒಂದು ಜೊತೆ ಕಾಲುಚೀಲ ಇರಲಿಲ್ಲ. ಇಪ್ಪತ್ತು ವರ್ಷ ಅವಳಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಕೊನೆಗೆ ಅಪ್ಪನ ಪೆಟ್ಟಿಗೆ ತೆಗೆದರೆ ಅದರ ತುಂಬ ಉಣ್ಣೆಯ ಕಾಲುಚೀಲಗಳು, ಹಿಮ್ಮಡಿಗೆ ತೇಪೆ ಹಾಕಿದವು, ಹಾಕದವು, ಹದಿನೆಂಟೋ ಇಪ್ಪತ್ತೋ ಜೊತೆ. ಒಂದು ಜೊತೆ ತಂದು ಅಮ್ಮನಿಗೆ ಹಾಕಿದಳು. ಅಮ್ಮ ಕಾಲನ್ನು ಎತ್ತಿ ಹಿಡಿದು ನೋಡಿಕೊಂಡಳು.

"ಸೆಕೆ ಸೆಕೆ ಅಂತಿದ್ದೋರಿಗೆ ಇಷ್ಟು ಕಾಲುಚೀಲ ಯಾಕೆ ಬೇಕಿತ್ತೋ," ಎಂದಳು.

* * *

ಸೆಕೆ ಎನ್ನುವುದು ಈ ಮನೆಯ ಹಳೆಯ ತಮಾಷೆ. ಕಿಟಕಿಯ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿದ ದಿನವೂ ಅಪ್ಪ ತನ್ನ ರೂಮಿನಲ್ಲಿ ಮಂಕಿ ಟೋಪಿ ಹಾಕಿಕೊಂಡು, ಎರಡು ಸ್ವೆಟರ್ ತೊಟ್ಟು, ಬೆರಳ ತುದಿ ಕತ್ತರಿಸಿದ ಕೈಗವಸಿನಲ್ಲಿ ಸೂಜಿ ಹಿಡಿದು ಕೂತಿರುತ್ತಿದ್ದ. "ಇಲ್ಲಿ ಬಂದು ಕೂತ್ಕೋಬಾರ್ದೇ, ಆ ರೂಮಲ್ಲಿ ಏನಿದೆ?" ಎಂದು ಅಮ್ಮ ಕರೆದರೆ, "ಅಯ್ಯೋ, ನಿನ್ನ ರೂಮಲ್ಲಿ ನಂಗೆ ಸೆಕೆ ಕಣೇ" ಎನ್ನುತ್ತಿದ್ದ.

"ಸೆಕೆ ಅಂತೀರಿ, ಟೋಪಿ ಹಾಕ್ಕೊಂಡಿದೀರಿ!"

"ಟೋಪಿ ತಲೆಗೆ. ಸೆಕೆ ಮೈಗೆ."

"ಸ್ವೆಟರು?"

"ಅದು ಅಭ್ಯಾಸ."

ಅಮ್ಮ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ನೆಂಟರ ಮುಂದೆಲ್ಲ ಹೇಳುತ್ತಿದ್ದಳು, ನಮ್ಮನೆಯವರ ಮೈಯೇ ಒಂದು ಥರ ಎಂದು. ಬೇಸಿಗೆಯಲ್ಲಿ ಆಟ ಉಲ್ಟಾ. ಹಾಲಿನ ಏಸಿ ಹಾಕಿದರೆ ಅಮ್ಮನಿಗೆ ನಡುಕ, ಹಾಕದಿದ್ದರೆ, ಬೇಸಿಗೆಗೆಂದು ಬಂದಿರುತ್ತಿದ್ದ ಅತ್ತೆಗೆ ಉಬ್ಬಸ. ಅಪ್ಪ ಏಸಿಯ ಬಾಯಿಗೆ ಅಸ್ತರಿನ ಬಟ್ಟೆಯಲ್ಲಿ ಒಂದು ಸೆರಗು ಹೊಲಿದು ಕಟ್ಟಿದ, ಗಾಳಿ ಅತ್ತೆಯ ಕುರ್ಚಿಗೆ ಮಾತ್ರ ಹೋಗಲಿ ಎಂದು. ಎರಡೇ ದಿನದಲ್ಲಿ ಅದು ನೀರು ಕಟ್ಟಿಕೊಂಡು ಅತ್ತೆಯ ತಲೆಯ ಮೇಲೆಯೇ ಸುರಿಯಿತು. ಮೇಷ್ಟ್ರು ಬಂದು ಆ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, "ಇದಕ್ಕೆ ಗುಂಡಿ ಇಡೋದು ಮರೆತಿದೀರಿ ಸಾರ್" ಎಂದಿದ್ದರು. ಅಪ್ಪ ಒಂದು ವಾರ ಅವರೊಂದಿಗೆ ಮಾತು ಬಿಟ್ಟಿದ್ದ.

ಆದರೆ ಮಗಳಿಗೆ ಆ ಮುಚ್ಚಿದ ಬಾಗಿಲು ತಮಾಷೆಯಾಗಿರಲಿಲ್ಲ. ಅವಳು ಗಂಡನ ಮನೆ ಬಿಟ್ಟು ಒಂದು ಸೂಟ್‌ಕೇಸು ಹಿಡಿದು ವಾಪಸ್ ಬಂದ ದಿನ, ಅಮ್ಮ ಪೇಟೆಗೆ ಹೋಗಿದ್ದಳು. ನೆಟ್ಟಗೆ ಅಪ್ಪನ ರೂಮಿಗೆ ಹೋಗಿ, ಬಾಗಿಲು ತಳ್ಳಿ ನಿಂತಿದ್ದಳು. ಅಪ್ಪ ಟೋಪಿಯೊಳಗಿಂದ ಅವಳನ್ನು ನೋಡಿದ, ಸೂಟ್‌ಕೇಸನ್ನು ನೋಡಿದ. "ಇಲ್ಲಿ ಬೇಡ ಮಗಳೇ. ಬಾಗಿಲು ಹಾಕ್ಕೋ. ಅಮ್ಮನ ರೂಮಲ್ಲಿ ಹೋಗಿ ಕೂತ್ಕೋ, ಅಲ್ಲಿ ಬೆಚ್ಚಗಿದೆ" ಎಂದ. ಅವಳಿಗೆ ಕೇಳಿಸಿದ್ದು ಬಾಗಿಲು ಹಾಕ್ಕೋ ಎಂಬುದು ಮಾತ್ರ. ಹತ್ತು ನಿಮಿಷದಲ್ಲಿ ಅವನೂ ಕೈಗವಸು ಕಳಚುತ್ತಾ ಬಂದು ಅವಳ ಪಕ್ಕ ಕೂತದ್ದು ನಿಜ. ಆದರೂ ಆ ಬಾಗಿಲಿನ ಮಾತು ಅವಳೊಳಗೆ ಮುಳ್ಳಿನಂತೆ ಉಳಿದುಬಿಟ್ಟಿತ್ತು. ಅಪ್ಪ ಒಳ್ಳೆಯವನೇ, ಆದರೆ ಹತ್ತಿರ ಬಿಟ್ಟುಕೊಳ್ಳುವವನಲ್ಲ ಎಂದು ಅವಳು ಲೆಕ್ಕ ಮುಗಿಸಿಬಿಟ್ಟಿದ್ದಳು.

* * *

ಎರಡು ಗಂಟೆಗೆ ಗೇಟು ಸದ್ದಾಯಿತು. ಮೊದಲು ಒಳಗೆ ಬಂದವನು ತಮ್ಮ. ಚಪ್ಪಲಿ ಬಿಟ್ಟು ನೆಲದ ಮೇಲೆ ಕಾಲಿಟ್ಟವನೇ ನಿಂತ. ಅಕ್ಕನ ಮುಖ ನೋಡಿದ. ಹಾಲಿನ ರೇಡಿಯೇಟರ್ ಮುಟ್ಟಿದ. ಅಮ್ಮನ ರೂಮಿಗೆ ಹೋಗಿ, ಅಪ್ಪನ ಕಾಲುಚೀಲದಲ್ಲಿದ್ದ ಅವಳ ಪಾದ ನೋಡಿದ.

"ಇವತ್ತೇ!" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. "ನಾನು ಹೇಳಿದ್ದು ಇದನ್ನೇ ಅಕ್ಕಾ. ಅಪ್ಪ ಹೋಗಿ ಒಂದು ದಿನ ಆಗಿಲ್ಲ. ಅಮ್ಮಾ, ಬಟ್ಟೆ ಜೋಡಿಸ್ಕೋ."

"ಸ್ವಲ್ಪ ಇರೋ. ಮೇಷ್ಟ್ರಿಗೆ ಫೋನ್ ಮಾಡ್ತಾನೇ ಇದೀನಿ, ಅವರು ಎತ್ತುತಾ ಇಲ್ಲ..."

"ಸ್ಮಶಾನದಲ್ಲಿ ಫೋನ್ ಎತ್ತಬಾರ್ದು ಅಂತ ಬಂದ್ ಮಾಡಿದ್ದೆ ಕಣಮ್ಮ," ಎಂದು ಹಿಂದಿನಿಂದ ದನಿ ಬಂತು.

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಅಪ್ಪ ಹೊಲಿದ ಬೂದು ಪ್ಯಾಂಟು. ಕಣ್ಣು ಕೆಂಪಗಾಗಿತ್ತು. ಕೈಯಲ್ಲಿ ಸಾಮಾನಿನ ಚೀಲ ಇರಲಿಲ್ಲ. ಅದಿಲ್ಲದ ಅವರನ್ನು ಅವಳು ಎಂದೂ ನೋಡಿರಲಿಲ್ಲ.

"ಏನಾಗಿದೆ?" ಎಂದರು.

"ಉರಿ ಇದೆ, ಬಿಸಿ ಇಲ್ಲ."

ಪಾಠ ಶುರುವಾಗುತ್ತದೆಂದು ಎಲ್ಲರೂ ಅಂದುಕೊಂಡರು. ಮೇಷ್ಟ್ರು ಮಾತಾಡಲಿಲ್ಲ. ಅಮ್ಮನ ರೂಮಿನ ರೇಡಿಯೇಟರ್ ಮೇಲೆ ಒಂದು ಕ್ಷಣ ಕೈಯಿಟ್ಟರು. ಅಲ್ಲಿಂದ ನೆಟ್ಟಗೆ ಅಪ್ಪನ ರೂಮಿಗೆ ನಡೆದು ಬಾಗಿಲು ತೆಗೆದರು. ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಅವರು ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟರು.

"ಇದನ್ನ ಯಾರು ತೆಗೆದ್ರು?"

"ನಾನು. ಬೆಳಿಗ್ಗೆ, ಗಾಡಿ ಹೋದ ಮೇಲೆ," ಎಂದಳು ಮಗಳು. "ಯಾಕೆ ಮೇಷ್ಟ್ರೇ? ತಪ್ಪಾಯ್ತಾ?"

ಮೇಷ್ಟ್ರು ಸ್ಪ್ಯಾನರಿಗೆ ಕೈ ಚಾಚಿದರು. ಮೇಜಿನ ಪಕ್ಕ ಮಂಡಿಯೂರಿದರು. ಪ್ಯಾಂಟಿನ ಮಂಡಿಗೆ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಕೊಟ್ಟು ಹೊಲಿದಿದ್ದದ್ದು ಆಗ ಕಾಣಿಸಿತು. ದಿನವಿಡೀ ಮಂಡಿಯ ಮೇಲೆ ಕೆಲಸ ಮಾಡುವವನಿಗೆಂದು ಅಪ್ಪ ಹೊಲಿದಿದ್ದು. "ಒಂದು, ಎರಡು, ಅರ್ಧ," ಎಂದು ಎಣಿಸಿ ವಾಲ್ವು ಬಿಗಿದರು.

"ಮೇಷ್ಟ್ರೇ, ಅದನ್ನ ಯಾಕೆ ಮುಚ್ತಿದೀರಿ?" ಅಮ್ಮ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದಿದ್ದಳು. "ಕೆಟ್ಟಿರೋದು ನನ್ನ ರೂಮಿನದಲ್ವಾ?"

"ಯಾವುದೂ ಕೆಟ್ಟಿಲ್ಲ ಅಮ್ಮಾವ್ರೇ. ಅರ್ಧ ಗಂಟೇಲಿ ನಿಮ್ಮ ರೂಮು ಕಾಯುತ್ತೆ."

"ನಾನು ಕೇಳಿದ್ದು ಅದಲ್ಲ."

ಮೇಷ್ಟ್ರು ಎದ್ದು ಮಂಡಿ ಒರೆಸಿಕೊಂಡರು. "ಹೇಳಬೇಡಿ ಅಂತ ಮಾತು ತಗೊಂಡಿದ್ರು. ಬಾಯಿ ಬಿಟ್ರೆ ನಿಮ್ಮ ಪ್ಯಾಂಟು ಹೊಲಿಯಲ್ಲ ಅಂದಿದ್ರು."

"ಇನ್ನು ಹೇಗೂ ಹೊಲಿಯಲ್ಲವಲ್ಲಪ್ಪ. ಹೇಳಿ."

ಮೇಷ್ಟ್ರು ಅಪ್ಪನ ಸ್ಟೂಲಿನ ಮೇಲೆ ಕೂತು, ಅಮ್ಮನ ಮುಖ ನೋಡದೆ ಹೇಳಿದರು.

"ಅವರು ಎತ್ತರ ಮರೆತಿದ್ರು ಅಮ್ಮಾವ್ರೇ. ಮೊದಲನೇ ಚಳೀಲೇ ಗೊತ್ತಾಗೋಯ್ತು. ಮನೇಲಿರೋದು ಎಂಟು ರೇಡಿಯೇಟರ್, ಬಾಯ್ಲರಿಗೆ ಇರೋದು ಏಳಕ್ಕೆ ಸಾಕಾಗೋ ಶಕ್ತಿ. ನೀರು ಮೊದಲು ಬರೋದು ಈ ರೂಮಿಗೆ. ಇದನ್ನ ತೆಗೆದ್ರೆ ಬಿಸಿಯೆಲ್ಲ ಇಲ್ಲೇ ತಿರುಗಿ ವಾಪಸ್ ಹೋಗುತ್ತೆ, ಕೊನೇಲಿರೋ ನಿಮ್ಮ ರೂಮಿಗೆ ಏನೂ ಉಳಿಯಲ್ಲ. ಒಂದನ್ನ ಮುಚ್ಚಲೇಬೇಕು, ಯಾವುದನ್ನ ಮುಚ್ಚಲಿ ಸಾರ್ ಅಂದೆ. ಕೇಳೋದೇನಿದೆ, ನಂದು ಅಂದ್ರು."

ಅತ್ತೆಯೂ ಬಾಗಿಲ ಹತ್ತಿರ ಬಂದು ನಿಂತರು.

"ಪ್ರತಿ ವರ್ಷ ಹೇಳ್ತಿದ್ದೆ, ದೊಡ್ಡ ಬಾಯ್ಲರ್ ಹಾಕೋಣ ಸಾರ್, ಈ ವಯಸ್ಸಲ್ಲಿ ಈ ಚಳೀಲಿ ಕೂರಬೇಡಿ ಅಂತ. ಹಾಕಿದ್ರೆ ನನ್ನ ಅಳತೆ ತಪ್ಪಿತ್ತು ಅಂತ ಇವಳಿಗೆ ಗೊತ್ತಾಗುತ್ತಲ್ರೀ, ಅಂತಿದ್ರು. ಹೋದ ವರ್ಷ ನಾನೇ ತಡೀಲಾರದೆ ಅಮ್ಮಾವ್ರಿಗೆ ಹೇಳ್ತೀನಿ ಅಂದೆ. ಹೊಸಿಲು ತುಳೀಬೇಡಿ ಅಂತ ಓಡಿಸಿದ್ರು. ಮಾರನೇ ದಿನ ಅವರೇ ಅಂಗಡಿಗೆ ಬಂದು, ಚಹಾ ಕುಡಿಸಿ, ಈ ಪ್ಯಾಂಟಿಗೆ ಅಳತೆ ತಗೊಂಡ್ರು."

ಅಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಮೂಲೆಯ ಮೊಳೆಯಲ್ಲಿ ಮಂಕಿ ಟೋಪಿ ನೇತಾಡುತ್ತಿತ್ತು. ಅದನ್ನು ನೋಡಿದಳು. ಅಳುತ್ತಾಳೆಂದು ಮಗಳು ಕೈ ಹಿಡಿಯಹೋದರೆ, ಅಮ್ಮನಿಗೆ ಬಂದದ್ದು ಸಿಟ್ಟು.

"ಇಪ್ಪತ್ತು ವರ್ಷ! ಇಪ್ಪತ್ತು ವರ್ಷ ಸೆಕೆ ಸೆಕೆ ಅಂತ ನಂಗೇ ಟೋಪಿ ಹಾಕಿದಾರಲ್ಲ ಈ ಮನುಷ್ಯ! ನಾನು ದಡ್ಡಿ, ಊರಿಗೆಲ್ಲ ಹೇಳ್ಕೊಂಡು ನಗ್ತಿದ್ದೆ! ಎತ್ತರ ಮರೆತೆ ಅಂತ ಒಂದು ಮಾತು ಹೇಳಿದ್ರೆ ನಾನೇನು ಮೂತಿಗೆ ತಿವೀತಿದ್ನಾ?"

"ತಿವೀತಿದ್ದೆ," ಎಂದರು ಅತ್ತೆ ಮೆಲ್ಲಗೆ.

"ತಿವೀತಿದ್ದೆ," ಎಂದು ಒಪ್ಪಿಕೊಂಡಳು ಅಮ್ಮ. ಆಮೇಲೆ ಅತ್ತಳು.

ಮಗಳು ಹೊರಗೆ ಹೋಗಿ ಆ ರೂಮಿನ ಬಾಗಿಲಿಗೆ ಆತು ನಿಂತಳು. ಬಾಗಿಲ ಅಡಿಯಲ್ಲಿ ಉದ್ದಕ್ಕೂ ದಪ್ಪ ಬಟ್ಟೆಯ ಪಟ್ಟಿ ಹೊಡೆದಿತ್ತು, ಎರಡು ಮಡಿಕೆ ಮಾಡಿ ಕೈಹೊಲಿಗೆ ಹಾಕಿದ್ದು. ಇಷ್ಟು ವರ್ಷ ಅದನ್ನು ನೋಡಿಯೂ, ಧೂಳು ಬಾರದಿರಲಿ ಎಂದು ಹಾಕಿದ್ದಾನೆ ಎಂದುಕೊಂಡಿದ್ದಳು. ಅದು ಇದ್ದದ್ದು ರೂಮಿನ ಒಳಮಗ್ಗುಲಿಗೆ. ಒಳಗಿನ ಚಳಿ ಹೊರಗೆ ಹೋಗಬಾರದೆಂದು. ಅಮ್ಮನ ರೂಮಲ್ಲಿ ಹೋಗಿ ಕೂತ್ಕೋ, ಅಲ್ಲಿ ಬೆಚ್ಚಗಿದೆ. ಆ ಮಾತಿನ ಉಳಿದರ್ಧ ಈಗ, ಇಷ್ಟು ತಡವಾಗಿ, ಅವಳಿಗೆ ಕೇಳಿಸಿತು. ಶಾಲನ್ನು ಬಾಯಿಗೆ ಒತ್ತಿಕೊಂಡು, ಬೆಳಿಗ್ಗೆಯಿಂದ ಬಾರದ ಅಳುವನ್ನೆಲ್ಲ ಅಲ್ಲೇ ಅತ್ತು ಮುಗಿಸಿದಳು.

ಅರ್ಧ ಗಂಟೆ ಬೇಕಾಗಲಿಲ್ಲ. ಜನ ಚಹಾ ಕುಡಿದು, ಬನ್ನು ತಿಂದು, ಟೈಲರ್ ಹೊಲಿದ ಪ್ಯಾಂಟುಗಳ ವಯಸ್ಸು ಎಣಿಸುತ್ತಾ ಕೂತಿರುವಾಗಲೇ ಒಬ್ಬೊಬ್ಬರಾಗಿ ಶಾಲು ಕಳಚತೊಡಗಿದರು. ತಮ್ಮ ಅಮ್ಮನ ರೂಮಿಗೆ ಹೋಗಿ ರೇಡಿಯೇಟರ್ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ನಿಂತಿದ್ದ.

"ಬಿಡು ಅಕ್ಕಾ," ಎಂದ ಕೊನೆಗೆ. "ಅಮ್ಮ ಇಲ್ಲೇ ಇರ್ಲಿ. ಇದನ್ನ ಬಿಟ್ಟು ಬಾ ಅಂತ ಯಾವ ಬಾಯಲ್ಲಿ ಕರೀಲಿ?"

"ನಾನು ವಾರಕ್ಕೊಂದು ಸಲ ಬಂದು ನೋಡ್ತೀನಿ," ಎಂದರು ಮೇಷ್ಟ್ರು. "ಆ ರೂಮು ಮುಚ್ಚಿದ್ರೆ ಸಾಕು, ಬಾಯ್ಲರ್ ಇನ್ನೂ ಹತ್ತು ವರ್ಷ ಬರುತ್ತೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿದಳು. "ಆ ಸ್ಪ್ಯಾನರ್ ಇಲ್ಲಿ ಕೊಡಿ. ನಂಗೂ ತೋರಿಸಿ, ಹೇಗೆ ಅಂತ. ಎಡಕ್ಕೆ ತಿರುಗಿಸಿದ್ರೆ ಏನು, ಬಲಕ್ಕೆ ತಿರುಗಿಸಿದ್ರೆ ಏನು."

ಮೇಷ್ಟ್ರ ಮುಖ ಇಷ್ಟಗಲ ಆಯಿತು. ಬೆಳಿಗ್ಗೆಯಿಂದ ತಡೆದಿಟ್ಟಿದ್ದ ಪಾಠವನ್ನು ಅವರು ಪೂರ್ತಿ ಮಾಡಿದರು.

* * *

ಸಂಜೆ ಐದರ ಹೊತ್ತಿಗೆ ಜನ ಕರಗಿದರು. ತಮ್ಮ ಮೇಷ್ಟ್ರನ್ನು ಬಿಟ್ಟು ಬರಲು ಹೋದ. ಅತ್ತೆ ಹಾಲಿನ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಮಗಳು ಅಡುಗೆಮನೆಯಲ್ಲಿ ಚಹಾದ ಲೋಟ ತೊಳೆಯುತ್ತಿದ್ದಾಗ, ಗೋಡೆಯೊಳಗಿನ ಪೈಪಿನಲ್ಲಿ ಗುಳಗುಳ ಎಂದು ನೀರು ನುಗ್ಗಿದ ಸದ್ದಾಯಿತು. ಬೆಳಿಗ್ಗೆ ಕೇಳಿದ್ದ ಅದೇ ಸದ್ದು.

ಕೈ ಒರೆಸಿಕೊಂಡು ಓಡಿದಳು. ಅಪ್ಪನ ರೂಮಿನ ಬಾಗಿಲು ಪೂರ್ತಿ ತೆರೆದಿತ್ತು. ದೀಪ ಹಾಕಿತ್ತು. ಮೇಜಿನ ಮೇಲೆ ಕತ್ತರಿ, ಟೇಪು, ಸೀಮೆಸುಣ್ಣ ಒಪ್ಪವಾಗಿ ಜೋಡಿಸಿದ್ದವು. ಸ್ಟೂಲನ್ನು ರೇಡಿಯೇಟರಿನ ಪಕ್ಕಕ್ಕೆ ಎಳೆದು, ಅದರ ಮೇಲೆ ಅಪ್ಪನ ಎರಡೂ ಸ್ವೆಟರ್ ಮಡಚಿ ಇಟ್ಟಿತ್ತು. ರೂಮು ಆಗಲೇ ಬೆಚ್ಚಗಾಗುತ್ತಿತ್ತು. ಅಮ್ಮ ಅಲ್ಲಿರಲಿಲ್ಲ. ಮೂಲೆಯ ಮೊಳೆ ಖಾಲಿಯಿತ್ತು.

ಅಮ್ಮ ತನ್ನ ರೂಮಿನಲ್ಲಿ, ಮಂಚದ ಮೇಲೆ, ಅಪ್ಪನ ಕಾಲುಚೀಲದ ಕಾಲನ್ನು ಮಡಚಿಕೊಂಡು ಕೂತಿದ್ದಳು. ಮಡಿಲಲ್ಲಿ ಸ್ಪ್ಯಾನರ್. ತಲೆಗೆ ಮಂಕಿ ಟೋಪಿ.

"ಅಮ್ಮಾ! ಅದನ್ನ ಯಾಕೆ ತೆಗೆದೆ? ನಿನ್ನ ರೂಮು ಆರಿಹೋಗುತ್ತೆ."

"ಎರಡೂವರೆ ಸುತ್ತು, ಲೆಕ್ಕ ಇಟ್ಟೇ ತೆಗೆದಿದೀನಿ. ಬೆಳಿಗ್ಗೆ ಎದ್ದು ನಾನೇ ಮುಚ್ತೀನಿ. ಇವತ್ತೊಂದು ದಿನ ಇರ್ಲಿ ಬಿಡು, ಅವರ ರೂಮು."

ಮಗಳು ರೇಡಿಯೇಟರ್ ಮುಟ್ಟಿದಳು. ಬಿಸಿ ಇಳಿಯುತ್ತಿತ್ತು. "ನಿಂಗೆ ಚಳಿ ಆಗುತ್ತಲ್ಲಮ್ಮ."

ಅಮ್ಮ ಎರಡೂ ಕೈಯಿಂದ ಟೋಪಿಯನ್ನು ಕಿವಿಯ ಕೆಳಗಿನ ತನಕ ಎಳೆದುಕೊಂಡಳು.

"ಅಯ್ಯೋ, ಎಲ್ಲಿಯ ಚಳಿ," ಎಂದಳು. "ನಂಗೆ ಸೆಕೆ ಕಣೇ."